ಎರಡು ಸೈಕಲ್‌ಗಳ ನಡುವಿನ ದೂರ

ಮೊದಲ ದೊಡ್ಡ ಏರು ಮುಗಿಯುವ ಜಾಗದಲ್ಲಿ ಇವರು, ನನ್ನ ಗಂಡ, ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು. ಹೆಲ್ಮೆಟ್ ತೆಗೆದು ಹ್ಯಾಂಡಲ್‌ಗೆ ನೇತುಹಾಕಿದ್ದರು. ನೀರು ಕುಡಿದಾಗಿತ್ತು, ಬೆವರೂ ಆರಿತ್ತು. ನಾನು ಏದುಸಿರು ಬಿಡುತ್ತಾ ಹತ್ತಿರ ಬಂದೆ. ನೋಡಿದ ತಕ್ಷಣ ಎದ್ದು ನಿಂತು, "ಬಂದ್ಯಾ? ಸರಿ, ನಡಿ ಹೋಗೋಣ" ಅಂದರು. ಅಂದವರೇ ಸೈಕಲ್ ಹತ್ತಿಬಿಟ್ಟರು.

ಆ ಏರನ್ನು ಅವರು ಒಂದು ಗಂಟೆಯಲ್ಲಿ ಹತ್ತಿದ್ದರು. ನನಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿದಿತ್ತು. ಇಪ್ಪತ್ತು ನಿಮಿಷ ನನಗೋಸ್ಕರ ಕಾದಿದ್ದರು, ನಿಜ. ಆದರೆ ಆ ಇಪ್ಪತ್ತು ನಿಮಿಷದ ವಿಶ್ರಾಂತಿ ಸಿಕ್ಕಿದ್ದೂ ಅವರಿಗೇ. ನಾನು ಬಂದ ಗಳಿಗೆಯಲ್ಲೇ ಅದು ಮುಗಿದುಹೋಯಿತು. ಬೇರೆ ಬೇರೆ ವೇಗದ ಇಬ್ಬರು ಜೊತೆಯಾಗಿ ಸೈಕಲ್ ಹೊಡೆದರೆ ಹೀಗೇ ಆಗುತ್ತದೆ. ಜೋರಾಗಿ ಹೋಗುವವರಿಗೆ ಪ್ರತಿ ಏರಿನ ಕೊನೆಗೂ ಒಂದು ವಿಶ್ರಾಂತಿ. ನಿಧಾನಕ್ಕೆ ಬರುವವರು ಬೆಳಗ್ಗೆಯಿಂದ ಸಂಜೆವರೆಗೆ ತುಳಿಯುತ್ತಲೇ ಇರಬೇಕು.

ಅವತ್ತು ನಾನು ಏನೂ ಹೇಳಲಿಲ್ಲ. ಬಾಟಲಿ ತೆಗೆದು ಎರಡು ಗುಟುಕು ನೀರು ಕುಡಿದೆ. ಅಷ್ಟರಲ್ಲಿ ಇವರು ಮುಂದಿನ ತಿರುವಿನಲ್ಲಿ ಮರೆಯಾಗಿದ್ದರು. ಅದು ನಮ್ಮ ಪ್ರಯಾಣದ ನಾಲ್ಕನೇ ದಿನ.

ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಇಬ್ಬರೇ ಸೈಕಲ್‌ನಲ್ಲಿ ಹೋಗೋಣ ಅನ್ನುವ ಮಾತು ಮೊದಲು ಬಂದಿದ್ದು ನನ್ನ ಬಾಯಿಂದಲೇ. ಆಗ ನನಗೆ 49, ಇವರಿಗೆ 53. ಮಗಳು ಕೆಲಸಕ್ಕೆ ಸೇರಿ ಬೇರೆ ಊರಿಗೆ ಹೋದ ವರ್ಷ ಅದು. 54 ದಿನದಲ್ಲಿ 3,200 ಕಿಲೋಮೀಟರ್ ಹೋದೆವು. ಅದರಲ್ಲಿ 9 ದಿನ ಪೂರ್ತಿ ವಿಶ್ರಾಂತಿ. ಉಳಿದ 45 ದಿನ, ದಿನಕ್ಕೆ 70 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಸಾಮಾನು ಹೇರಿಕೊಂಡು ಹೋಗುವವರಿಗೆ ಇದು ತೀರಾ ಹೆಚ್ಚೂ ಅಲ್ಲ, ತೀರಾ ಕಡಿಮೆಯೂ ಅಲ್ಲ.

ಎಲ್ಲಿ ಮಲಗಿದೆವು, ಏನೇನು ನೋಡಿದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ವಾಪಸ್ ಬಂದ ಮೇಲೆ ಎಲ್ಲರೂ ಅದನ್ನೇ ಕೇಳಿದರು. ಹೇಳಿ ಹೇಳಿ ಆ ಮಾತು ಸವೆದುಹೋಗಿದೆ. ಯಾರೂ ಕೇಳದ ಒಂದು ವಿಷಯ ಇದೆ. ನಮ್ಮ ಎರಡು ಸೈಕಲ್‌ಗಳ ನಡುವೆ ಎಷ್ಟು ದೂರ ಇತ್ತು ಅನ್ನುವುದು. ಆ 54 ದಿನ ನನ್ನ ತಲೆಯಲ್ಲಿ ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತು ಓಡಿದ್ದು ಅದೇ.

ಹೊರಡುವಾಗ ಇಬ್ಬರ ಸಾಮಾನೂ ಸೇರಿ 30 ಕಿಲೋ. ಇವರ ಸೈಕಲ್‌ನಲ್ಲಿ 16, ನನ್ನದರಲ್ಲಿ 14. ಟೆಂಟು, ಒಲೆ, ಟೂಲ್ ಚೀಲ, ಪಂಪ್ ಇವರ ಹತ್ತಿರ. ಬಟ್ಟೆ, ಹೊದಿಕೆ, ತಿಂಡಿ, ಔಷಧಿ ಡಬ್ಬಿ ನನ್ನ ಹತ್ತಿರ. ಯಾರೂ ಕೂತು ಯೋಚನೆ ಮಾಡಿ ಹಂಚಿದ್ದಲ್ಲ. ಮನೆಯಲ್ಲಿ ಯಾವ ಕೆಲಸ ಯಾರದ್ದೋ, ಚೀಲಗಳೂ ಹಾಗೇ ಹಂಚಿಹೋಗಿದ್ದವು.

ಐದನೇ ದಿನ ಬೆಳಗ್ಗೆ ಇವರೇ ನನ್ನ ಚೀಲದಿಂದ ನಾಲ್ಕು ಕಿಲೋ ತೆಗೆದು ತಮ್ಮದಕ್ಕೆ ತುಂಬಿಕೊಂಡರು. ಇದಕ್ಕೆ ಒಂದು ಲೆಕ್ಕ ಇದೆ. ಏರಿನಲ್ಲಿ ಸೈಕಲ್ ತುಂಬಾ ನಿಧಾನ. ಗಾಳಿಯ ತಡೆ ಇಲ್ಲವೇ ಇಲ್ಲ ಅನ್ನಬಹುದು. ತುಳಿಯುವ ಶಕ್ತಿಯೆಲ್ಲ ಹೋಗೋದು ಭಾರವನ್ನು ಮೇಲಕ್ಕೆ ಎತ್ತೋದಕ್ಕೆ. ನನ್ನ ತೂಕ 58, ಸೈಕಲ್ 15, ಸಾಮಾನು 14. ಒಟ್ಟು 87 ಕಿಲೋ. ಅದರಲ್ಲಿ 4 ಕಿಲೋ ಇಳಿದರೆ ನೂರಕ್ಕೆ ಹತ್ತಿರ ಹತ್ತಿರ ಐದರಷ್ಟು ಹಗುರ. ಇವರಿಗೆ ಹೆಚ್ಚುಕಡಿಮೆ ಅಷ್ಟೇ ಭಾರ ಜಾಸ್ತಿ. ಲೆಕ್ಕ ಹಾಕಿದರೆ ಇಪ್ಪತ್ತು ನಿಮಿಷದ ಅಂತರ ಹದಿನಾಲ್ಕಕ್ಕೆ ಇಳಿಯಬೇಕು. ಇಳಿಯಿತು ಕೂಡ. ಜೋಡಿಯಾಗಿ ಹೊರಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಚೀಲಗಳನ್ನು ನ್ಯಾಯವಾಗಿ ಅರ್ಧ ಅರ್ಧ ಹಂಚಬೇಡಿ. ಇಬ್ಬರೂ ಒಂದೇ ವೇಗದಲ್ಲಿ ಹೋಗುವ ಹಾಗೆ ಹಂಚಿ.

ಆದರೂ ಹದಿನಾಲ್ಕು ನಿಮಿಷ ಹದಿನಾಲ್ಕು ನಿಮಿಷವೇ. ನನ್ನ ಸೈಕಲ್‌ನ ಅತಿ ಸಣ್ಣ ಗೇರ್‌ನಲ್ಲಿ ಮುಂದೆ 24 ಹಲ್ಲು, ಹಿಂದೆ 34. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಮುಂದೆ ಹೋಗೋದು ಒಂದೂವರೆ ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ ಗಂಟೆಗೆ ಐದೂವರೆ ಕಿಲೋಮೀಟರ್. ಚುರುಕಾಗಿ ನಡೆಯುವವರ ವೇಗ ಅಷ್ಟೇ. ಆ ವೇಗದಲ್ಲಿ ಹೋಗುವಾಗ ರಸ್ತೆಯ ಒಂದೊಂದು ಬಿರುಕೂ ಕಾಣುತ್ತದೆ. ಮುಂದೆ ಹೋದ ಗಂಡ ಮಾತ್ರ ಕಾಣುವುದಿಲ್ಲ.

ಹನ್ನೊಂದನೇ ದಿನಕ್ಕೆ ಬರುತ್ತೇನೆ.

ಮಧ್ಯಾಹ್ನ ಎರಡು ಗಂಟೆ. ಉದ್ದನೆಯ ಇಳಿಜಾರು. ಇಳಿಜಾರಿನಲ್ಲಿ ಭಾರ ಇದ್ದವರು ಜೋರಾಗಿ ಹೋಗುತ್ತಾರೆ. ಇವರ ಹತ್ತಿರ ಈಗ 20 ಕಿಲೋ ಸಾಮಾನು. ನಾನೋ ತಿರುವು ತಿರುವಿಗೂ ಬ್ರೇಕ್ ಒತ್ತುವವಳು. ಎರಡು ತಿರುವಿನಲ್ಲೇ ಇವರು ಕಣ್ಮರೆ. ಸ್ವಲ್ಪ ಕೆಳಗೆ ಬರುತ್ತಿದ್ದಂತೆ ನನ್ನ ಹಿಂದಿನ ಚಕ್ರ ಜಾರಿದ ಹಾಗಾಯಿತು. ಸೈಕಲ್ ಎಡಕ್ಕೂ ಬಲಕ್ಕೂ ಓಲಾಡಿತು. ಹೇಗೋ ನಿಲ್ಲಿಸಿ ಇಳಿದು ನೋಡಿದರೆ ಟೈರು ರಿಮ್‌ಗೆ ಅಂಟಿಕೊಂಡು ಕೂತಿದೆ. ಪಂಪ್ ಇವರ ಹತ್ತಿರ. ಟೂಲ್ ಚೀಲ ಇವರ ಹತ್ತಿರ. ಫೋನ್‌ನಲ್ಲಿ ಸಿಗ್ನಲ್ ಇಲ್ಲ.

ಸೈಕಲನ್ನು ರಸ್ತೆಯಿಂದ ಕೆಳಗಿಳಿಸಿ ಕೂತೆ. ಮೊದಲ ಅರ್ಧ ಗಂಟೆ ಬರೀ ಸಿಟ್ಟು. ಬಂದ ಮೇಲೆ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಆಮೇಲೆ ಸಿಟ್ಟು ಇಳಿಯಿತು, ಹೆದರಿಕೆ ಶುರುವಾಯಿತು. ಕೆಳಗೆ ಎಲ್ಲಾದರೂ ಬಿದ್ದಿದ್ದರೆ? ಇಷ್ಟು ಹೊತ್ತಾದರೂ ಬಂದಿಲ್ಲ ಅಂದರೆ ಏನರ್ಥ? ಒಂದು ಲಾರಿ ಮೇಲಿನಿಂದ ಬಂತು. ನನ್ನನ್ನು ನೋಡಿ ನಿಧಾನ ಮಾಡಿತು. ನಾನು ಸುಮ್ನೆ ಕೈ ಬೀಸಿ ಹೋಗಿ ಅಂದೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ.

ಒಂದು ಗಂಟೆ ಇಪ್ಪತ್ತು ನಿಮಿಷ ಆದ ಮೇಲೆ ಕೆಳಗಿನ ತಿರುವಿನಲ್ಲಿ ಇವರು ಕಾಣಿಸಿದರು. ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದರು. ಇಪ್ಪತ್ತು ಕಿಲೋ ಹೇರಿಕೊಂಡು ಏರಿನಲ್ಲಿ ನಿಂತು ತುಳಿಯುವವರು ಇವರಲ್ಲ. ಹತ್ತಿರ ಬಂದು ಸೈಕಲ್ ಮಲಗಿಸಿದರು. ನನ್ನ ಮುಖ ನೋಡಿದರು, ಕೈಕಾಲು ನೋಡಿದರು, ಆಮೇಲೆ ಚಕ್ರ ನೋಡಿದರು. ಒಂದೂ ಮಾತಿಲ್ಲ. ಟೈರ್ ಲಿವರ್ ತೆಗೆದು ಕೆಲಸಕ್ಕೆ ಕೂತರು.

ನಾನು ಪಕ್ಕದಲ್ಲಿ ಕೂತು ನೋಡಿದೆ. ಅಷ್ಟು ವರ್ಷದಲ್ಲಿ ಪಂಕ್ಚರ್ ಹಾಕೋದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಟೈರಿನ ಮೇಲೆ ಬರೆದಿರುವ ಹೆಸರು ಸರಿಯಾಗಿ ವಾಲ್ ಎದುರಿಗೇ ಬರುವ ಹಾಗೆ ಇವರು ಮೊದಲೇ ಕೂರಿಸಿದ್ದರು. ಯಾಕೆ ಅಂತ ಆಗ ಗೊತ್ತಾಯಿತು. ಟ್ಯೂಬಿಗೆ ಗಾಳಿ ಹೊಡೆದು, ಕೆನ್ನೆ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸಿದರು. ತೂತು ಸಿಕ್ಕಿತು. ವಾಲ್‌ನಿಂದ ಆ ತೂತು ಎಷ್ಟು ದೂರ ಇದೆಯೋ, ಹೆಸರಿನಿಂದ ಅಷ್ಟೇ ದೂರದಲ್ಲಿ ಟೈರಿನಲ್ಲಿ ಹುಡುಕಿದರಾಯಿತು. ಚುಚ್ಚಿದ್ದು ಅಲ್ಲೇ ಎಲ್ಲೋ ಇರಬೇಕು. ಅದನ್ನು ತೆಗೆಯದೆ ಟ್ಯೂಬ್ ಹಾಕಿದರೆ ಹತ್ತು ನಿಮಿಷಕ್ಕೆ ಮತ್ತೆ ಪಂಕ್ಚರ್.

ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿಗೂ ಸಿಗಲಿಲ್ಲ. ನನ್ನ ಔಷಧಿ ಡಬ್ಬಿಯಿಂದ ಹತ್ತಿ ಕೇಳಿದರು. ಹತ್ತಿಯನ್ನು ಟೈರಿನ ಒಳಮೈಗೆ ಹಗುರಾಗಿ ಸವರಿಕೊಂಡು ಹೋದರು. ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಅಲ್ಲಿತ್ತು, ಕೂದಲಿನಷ್ಟು ಸಣ್ಣ ತಂತಿ. ಉದ್ದ ಅರ್ಧ ಉಗುರಿನಷ್ಟೂ ಇಲ್ಲ. ಲಾರಿ ಟೈರು ಸಿಡಿದಾಗ ಒಳಗಿನ ಉಕ್ಕಿನ ತಂತಿ ಚೂರುಚೂರಾಗಿ ರಸ್ತೆಯ ಅಂಚಿಗೆ ಬಂದು ಬೀಳುತ್ತದೆ. ಸೈಕಲ್‌ನವರು ಹೋಗೋದೂ ಅದೇ ಅಂಚಿನಲ್ಲಿ. ಇವರ ಟೂಲ್ ಚೀಲದಲ್ಲಿ ಅದನ್ನು ಹಿಡಿಯುವಂಥದ್ದು ಯಾವುದೂ ಇರಲಿಲ್ಲ. ನನ್ನ ಡಬ್ಬಿಯಲ್ಲಿ ಮುಳ್ಳು ತೆಗೆಯುವ ಚಿಮಟ ಇತ್ತು. ಅದರಲ್ಲಿ ಹಿಡಿದು ಎಳೆದೆ, ಬಂತು.

ಟ್ಯೂಬನ್ನು ಉಪ್ಪುಕಾಗದದಲ್ಲಿ ಉಜ್ಜಿ ಸೊಲ್ಯೂಷನ್ ಹಚ್ಚಿದ ಮೇಲೆ ಐದು ನಿಮಿಷ ಕಾಯಬೇಕು. ಅದು ಆರಿದ ಮೇಲೇ ಪ್ಯಾಚ್ ಒತ್ತಬೇಕು, ಅವಸರ ಮಾಡಿದರೆ ಅಂಟುವುದಿಲ್ಲ. ಆ ಐದು ನಿಮಿಷದಲ್ಲಿ ಇವರು ಮೊದಲ ಮಾತಾಡಿದರು.

"ಕೆಳಗೆ ಹತ್ತು ನಿಮಿಷ ಕಾದೆ. ಆಮೇಲೆ ಮೇಲಿಂದ ಬಂದ ಲಾರಿಯವನನ್ನು ಕೇಳಿದೆ. ಹೆಂಗಸೊಬ್ಬರು ರಸ್ತೆ ಪಕ್ಕ ಕೂತಿದ್ದಾರೆ ಅಂದ. ಕೂತಿದ್ದಾರೆ ಅಂದನೋ, ಬಿದ್ದಿದ್ದಾರೆ ಅಂದನೋ, ಇಂಜಿನ್ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಕೇಳೋಣ ಅನ್ನುವಷ್ಟರಲ್ಲಿ ಹೊರಟುಹೋದ."

ಸ್ವಲ್ಪ ಹೊತ್ತು ಬಿಟ್ಟು, "ಆರು ಕಿಲೋಮೀಟರ್ ಅದನ್ನೇ ಯೋಚನೆ ಮಾಡ್ಕೊಂಡು ಬಂದೆ ಕಣೇ" ಅಂದರು.

ನಾನು ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ಹೊರಗೆ ಬರಲಿಲ್ಲ. "ರೀ, ಆರಿರಬೇಕು ನೋಡಿ" ಅಂದೆ. ಪ್ಯಾಚ್ ಒತ್ತಿದರು.

ಅವತ್ತು ರಾತ್ರಿ ಟೆಂಟಿನಲ್ಲಿ ಕೂತು ಮೂರು ಮಾತು ಮಾಡಿಕೊಂಡೆವು. ಪ್ರತಿ ಕವಲಿನಲ್ಲಿ, ಪ್ರತಿ ಇಳಿಜಾರಿನ ಬುಡದಲ್ಲಿ ಮುಂದೆ ಹೋದವರು ನಿಲ್ಲಬೇಕು. ಹಿಂದೆ ಬಂದವರು ಬಂದ ಮೇಲೂ ಹತ್ತು ನಿಮಿಷ ಕೂತೇ ಹೊರಡಬೇಕು. ಇಬ್ಬರ ಹತ್ತಿರವೂ ಒಂದೊಂದು ಪಂಪ್, ಒಂದೊಂದು ಟ್ಯೂಬ್ ಇರಬೇಕು. ಎರಡನೆಯದನ್ನು ಬಿಡಿಸಿ ಹೇಳುವುದು ನನಗೆ ಕಷ್ಟವಾಯಿತು. ಏಳು ದಿನದಿಂದ ಒಳಗಿಟ್ಟುಕೊಂಡಿದ್ದ ಮಾತದು. ಹೇಳಿದಾಗ ಇವರು ಸುಮ್ಮನೆ ಕೇಳಿಸಿಕೊಂಡರು. "ನನಗೆ ಹೊಳೆದೇ ಇರಲಿಲ್ಲ" ಅಂದರು. ನಿಜವಾಗಿಯೂ ಹೊಳೆದಿರಲಿಲ್ಲ.

ಹತ್ತೊಂಬತ್ತನೇ ದಿನ ಮತ್ತೆ ನನ್ನದೇ ಚಕ್ರ ಪಂಕ್ಚರ್ ಆಯಿತು. ಈ ಸಲ ನಾನೇ ಹಾಕಿದೆ. ನಲವತ್ತು ನಿಮಿಷ ಹಿಡಿಯಿತು. ಇವರು ಎದುರಿಗೇ ಕೂತಿದ್ದರು. ಕೈ ಹಾಕಬೇಕು ಅಂತ ಅವರಿಗೆ ಎಷ್ಟು ಅನ್ನಿಸಿತೋ, ಆದರೂ ಹಾಕಲಿಲ್ಲ.

ಪಂಕ್ಚರ್ ಹಾಕುವಾಗೆಲ್ಲ ನನಗೆ ಫ್ಯಾನಿ ಬುಲಕ್ ವರ್ಕ್‌ಮನ್ ನೆನಪಾಗುತ್ತಾರೆ. ಅಮೆರಿಕದವರು. ಗಂಡ ವಿಲಿಯಂ ಹಂಟರ್ ವರ್ಕ್‌ಮನ್ ವೈದ್ಯರು, ಹೆಂಡತಿಗಿಂತ 12 ವರ್ಷ ದೊಡ್ಡವರು. 1897ರ ಕೊನೆಯಲ್ಲಿ ಶುರು ಮಾಡಿ ಇಬ್ಬರೂ ಭಾರತದ ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ಸೈಕಲ್ ಹೊಡೆದರು. ಸಿಲೋನ್, ಬರ್ಮಾ, ಜಾವಾ ಎಲ್ಲ ಸೇರಿ ಸುಮಾರು 14,000 ಮೈಲಿ, ಅಂದರೆ 22,500 ಕಿಲೋಮೀಟರ್. ಡನ್‌ಲಪ್ ಗಾಳಿ ತುಂಬುವ ಟೈರು ಮಾಡಿದ್ದು 1888ರಲ್ಲಿ. ವರ್ಕ್‌ಮನ್ ದಂಪತಿ ಹೊರಟಾಗ ಅಂಥ ಟೈರು ಬಂದು ಹತ್ತು ವರ್ಷವೂ ಆಗಿರಲಿಲ್ಲ. ಕೆಲವು ದಿನ ನಲವತ್ತರವರೆಗೂ ಪಂಕ್ಚರ್ ಆಗುತ್ತಿತ್ತಂತೆ. ಒಂದು ದಿನಕ್ಕೆ ನಲವತ್ತು! ನನ್ನ 54 ದಿನಕ್ಕೆ ಆಗಿದ್ದು ಐದು.

ಅವರ ಬಗ್ಗೆ ನನಗೆ ಎಲ್ಲವೂ ಮೆಚ್ಚುಗೆ ಅಂತಲ್ಲ. ಕೂಲಿಯವರನ್ನು ಅವರು ಕಂಡ ರೀತಿ ಓದಿದರೆ ಬೇಸರವಾಗುತ್ತದೆ. ಆದರೆ ಒಂದು ವಿಷಯ ಮನಸ್ಸಿಗೆ ತುಂಬಾ ಹತ್ತಿರವಾಯಿತು. ಸೈಕಲ್ ಬಿಟ್ಟು ಹಿಮಾಲಯ ಹತ್ತಲು ಶುರು ಮಾಡಿದ ಮೇಲೆ ಗಂಡ ಹೆಂಡತಿ ಕೆಲಸವನ್ನು ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಒಂದು ವರ್ಷ ಏರ್ಪಾಡೆಲ್ಲ ಹೆಂಡತಿಯದು, ಅಳತೆ ಮತ್ತು ಅಧ್ಯಯನ ಗಂಡನದು. ಮುಂದಿನ ವರ್ಷ ಅದು ಇವರಿಗೆ, ಇದು ಅವರಿಗೆ. ಬಹುತೇಕ ಕಡೆ ಹೆಂಗಸರಿಗೆ ಓಟು ಕೂಡ ಇಲ್ಲದಿದ್ದ ಕಾಲ ಅದು. 1912ರಲ್ಲಿ ಸಿಯಾಚಿನ್ ಹಿಮನದಿಯ ಹತ್ತಿರ ಫ್ಯಾನಿ ಹೆಂಗಸರಿಗೆ ಓಟಿನ ಹಕ್ಕು ಬೇಕು ಅನ್ನುವ ಪತ್ರಿಕೆ ಹಿಡಿದು ನಿಂತ ಫೋಟೋ ಇದೆ. ಫೋಟೋ ನೋಡಿದವರು ಹಿಮ ನೋಡುತ್ತಾರೆ, ಪತ್ರಿಕೆ ನೋಡುತ್ತಾರೆ. ಆ ವರ್ಷ ಏರ್ಪಾಡು ಯಾರದ್ದಾಗಿತ್ತು ಅನ್ನುವುದು ನನ್ನ ತಲೆಗೆ ಬರುವ ಪ್ರಶ್ನೆ.

ಮೈಯ ವಿಷಯ ಸ್ವಲ್ಪ ಹೇಳಲೇಬೇಕು. ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ಹೊಸಬರಿಗೆ ಗೊತ್ತಾಗುವುದೂ ಇಲ್ಲ. ಸೀಟು ಮೆತ್ತಗಿದ್ದರೆ ಒಳ್ಳೆಯದು ಅಂದುಕೊಂಡು ನಾನು ದಪ್ಪ ಜೆಲ್ ಸೀಟು ಹಾಕಿಸಿದ್ದೆ. ಮೊದಲ ವಾರ ನರಕ. ಭಾರ ಬೀಳಬೇಕಾದ್ದು ಕೂರುವ ಎರಡು ಎಲುಬಿನ ಮೇಲೆ. ಸೀಟು ಮೆತ್ತಗಾದಷ್ಟೂ ಎಲುಬು ಒಳಗಿಳಿದು ನಡುವಿನ ಮಾಂಸಕ್ಕೆ ಒತ್ತು ಬೀಳುತ್ತದೆ. ಹೆಂಗಸರಿಗೆ ಆ ಎಲುಬುಗಳ ನಡುವಿನ ಅಂತರ ಸಾಮಾನ್ಯವಾಗಿ ಜಾಸ್ತಿ. ಗಟ್ಟಿಯಾದ, ಅಳತೆಗೆ ಸರಿಯಾದ ಅಗಲದ ಸೀಟು ಸಿಕ್ಕಿದ ಮೇಲೆ ನನ್ನ ಕಷ್ಟ ಮುಕ್ಕಾಲು ಪಾಲು ಹೋಯಿತು. ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ಹಾಕಬಾರದು ಅನ್ನುವುದನ್ನೂ ಯಾರೂ ಮೊದಲೇ ಹೇಳಿರಲಿಲ್ಲ. ಹೊಲಿಗೆ ಉಜ್ಜಿ ಗಾಯವಾಗುವುದು ಅದರಿಂದಲೇ.

ಇನ್ನೊಂದು, ಹಸಿವು. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಮುಗಿದರೆ ಕಾಲು ಮಾತ್ರ ಸೋಲುವುದಿಲ್ಲ, ತಲೆಯೂ ಸೋಲುತ್ತದೆ. ನಮ್ಮ ಜಗಳಗಳನ್ನು ನಾನು ಡೈರಿಯಲ್ಲಿ ಬರೆದಿಟ್ಟಿದ್ದೆ. ವಾಪಸ್ ಬಂದು ನೋಡಿದರೆ ಹೆಚ್ಚಿನವು ಬೆಳಗ್ಗೆ ಹನ್ನೊಂದೂವರೆಯಿಂದ ಒಂದು ಗಂಟೆಯ ಒಳಗೆ ಆಗಿವೆ. ಬೆಳಗಿನ ತಿಂಡಿ ಕರಗಿ ಮಧ್ಯಾಹ್ನದ ಊಟ ಇನ್ನೂ ಬಾರದ ಹೊತ್ತು. ಆಮೇಲೆ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳುವುದು ಅಭ್ಯಾಸವಾಯಿತು. "ಮೊದಲು ತಿನ್ನು, ಆಮೇಲೆ ಹೇಳು" ಅನ್ನುವುದು ನಮ್ಮಿಬ್ಬರ ನಡುವೆ ಒಂದು ಮಾತೇ ಆಗಿಬಿಟ್ಟಿತು.

ಎರಡು ಸೈಕಲ್‌ಗಳ ನಡುವಿನ ದೂರ ಅತಿ ಕಡಿಮೆ ಇದ್ದಿದ್ದು ಗಾಳಿಯ ದಿನಗಳಲ್ಲಿ. ಬಯಲಿನ ನೇರ ರಸ್ತೆ, ಎದುರಿನಿಂದ ಗಾಳಿ, ಒಂದು ಮರದ ಮರೆಯೂ ಇಲ್ಲ. ಸತತ ನಾಲ್ಕು ದಿನ. ಏರಿಗೆ ಒಂದು ಕೊನೆ ಇರುತ್ತದೆ, ತುದಿ ಕಾಣುತ್ತದೆ. ಎದುರುಗಾಳಿಗೆ ತುದಿ ಅನ್ನುವುದಿಲ್ಲ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ನಾವು ಹೋಗುತ್ತಿದ್ದು ಎದುರಿನಿಂದ 25ರ ಗಾಳಿ ಬಂದರೆ, ಮೈಗೆ ಬಡಿಯುವುದು 40ರ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅಂದರೆ ಗಾಳಿಯಿಲ್ಲದ ದಿನಕ್ಕಿಂತ ಏಳು ಪಟ್ಟು ತಡೆ. 15ರಲ್ಲಿ ಹೋಗುವ ಮಾತೇ ಇಲ್ಲ, 9ಕ್ಕೆ ಇಳಿದೆವು.

ಆಗ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗಬೇಕು. ಮುಂದಿನವರ ಬೆನ್ನು ಗಾಳಿಯನ್ನು ಸೀಳುತ್ತದೆ, ಹಿಂದಿನವರಿಗೆ ಮರೆ ಸಿಗುತ್ತದೆ. ಆ ಮರೆ ಸಣ್ಣದು. ನನ್ನ ಮುಂದಿನ ಚಕ್ರ, ಇವರ ಹಿಂದಿನ ಚಕ್ರ, ನಡುವೆ ಒಂದು ಮೀಟರ್. ಎರಡು ಮೀಟರ್ ಆದರೆ ವ್ಯತ್ಯಾಸ ಗೊತ್ತಾಗುತ್ತದೆ. ಐದಾರು ಮೀಟರ್ ಆದರೆ ಹೆಚ್ಚೇನೂ ಉಳಿಯುವುದಿಲ್ಲ, ನಿಮ್ಮ ಗಾಳಿ ನಿಮಗೆ. ಹತ್ತಿರ ಹೋದಷ್ಟೂ ಅಪಾಯವೂ ಉಂಟು. ಚಕ್ರಕ್ಕೆ ಚಕ್ರ ತಾಗಿದರೆ ಸಾಮಾನ್ಯವಾಗಿ ಬೀಳುವುದು ಹಿಂದಿನವರು. ಮುಂದಿನವರು ಹೇಳದೆ ಬ್ರೇಕ್ ಒತ್ತಬಾರದು, ಹೇಳದೆ ಪಕ್ಕಕ್ಕೆ ಸರಿಯಬಾರದು. ಹಾಗಾಗಿ ಇವರು ಮುಂದಿದ್ದುಕೊಂಡು ಕೂಗುತ್ತಿದ್ದರು. "ಗುಂಡಿ!" "ಮರಳು!" "ನಿಧಾನ!" ಹಿಂದಿನಿಂದ ನಾನು, "ಲಾರಿ!" ಇಡೀ ದಿನ ನಾವು ಆಡಿದ್ದು ಈ ನಾಲ್ಕು ಪದ. ಮದುವೆಯಾಗಿ 26 ವರ್ಷದಲ್ಲಿ ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡಿದ್ದಿಲ್ಲ.

ಎರಡೆರಡು ಕಿಲೋಮೀಟರ್‌ಗೆ ಜಾಗ ಬದಲಿಸಿದೆವು. ನಾನು ಸಣ್ಣ ಮೈಯವಳು, ನನ್ನ ಹಿಂದೆ ಇವರಿಗೆ ಸಿಗುವ ಮರೆ ಕಡಿಮೆ. ಆದರೂ ನಾನು ಮುಂದೆ ಬಂದಾಗ ಇವರ ಉಸಿರಿನ ಸದ್ದು ಇಳಿಯುವುದು ಕಿವಿಗೆ ಬೀಳುತ್ತಿತ್ತು. ಇವರ ಹಿಂದೆ ಇರುವಾಗ ನನಗೆ ಕಾಣುತ್ತಿದ್ದಿದ್ದು ಇವರ ಮಡ್‌ಗಾರ್ಡ್ ಒಂದೇ. ಅದರ ಕೆಳತುದಿಯಲ್ಲಿ ಒಂದು ಗೀರು, ಗೀರಿನ ಎಡಕ್ಕೆ ಒಣಗಿದ ಕೆಸರಿನ ಮೂರು ಚುಕ್ಕೆ, ಸ್ವಲ್ಪ ಸಡಿಲವಾಗಿ ನಡುಗುವ ಒಂದು ಸ್ಕ್ರೂ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಬಯಲಿಗಿಂತ ಮೊದಲು ಬರುವುದು ಆ ಸ್ಕ್ರೂ.

ಇಪ್ಪತ್ತೊಂಬತ್ತನೇ ದಿನ ಇವರ ಬಲ ಮಂಡಿ ಹಿಡಿದುಕೊಂಡಿತು. ಚಿಪ್ಪಿನ ಮುಂಭಾಗದಲ್ಲಿ ನೋವು. ಎರಡು ದಿನ ಹೇಳದೆ ತುಳಿದರು, ಮೂರನೇ ದಿನ ಮೆಟ್ಟಿಲು ಇಳಿಯಲಾಗಲಿಲ್ಲ. ಕಾರಣ ಹುಡುಕಿದರೆ ಸೀಟಿನ ಕಂಬ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಕೆಳಗೆ ಜಾರಿತ್ತು. ಕ್ಲಾಂಪ್ ಸಡಿಲ. ದಿನಾ ಸ್ವಲ್ಪ ಸ್ವಲ್ಪ ಜಾರಿದ್ದರಿಂದ ಗೊತ್ತೇ ಆಗಿರಲಿಲ್ಲ. ಸೀಟು ತಗ್ಗಿದರೆ ಮಂಡಿ ಜಾಸ್ತಿ ಮಡಚಬೇಕು, ಮಡಚಿದ ಮಂಡಿಗೆ ಒತ್ತಡ ಜಾಸ್ತಿ. ದಿನಕ್ಕೆ ಎಷ್ಟು ಸಾವಿರ ಸುತ್ತು, ಲೆಕ್ಕ ಹಾಕಿ. ಕಂಬಕ್ಕೆ ಒಂದು ಸುತ್ತು ಟೇಪ್ ಅಂಟಿಸಿಟ್ಟಿದ್ದರೆ ಮೊದಲ ದಿನವೇ ಕಾಣುತ್ತಿತ್ತು. ಈಗ ಇಬ್ಬರ ಸೈಕಲ್‌ಗೂ ಇದೆ.

ಮೂರು ದಿನ ಒಂದೇ ಕಡೆ ಉಳಿದೆವು. "ಇಲ್ಲಿಗೇ ಸಾಕು ಅನ್ಸತ್ತೆ" ಅಂದರು ಎರಡನೇ ದಿನ. ನಾನು ಇವರಿಗೆ ಎರಡು ಜೋಡಿಗಳ ಕಥೆ ಹೇಳಿದೆ. ಡ್ಯಾನ್ ಮತ್ತು ಲಿಸ್ ಬರ್ಡನ್, ಗ್ರೆಗ್ ಮತ್ತು ಜೂನ್ ಸಿಪಲ್. 1972ರಲ್ಲಿ ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಗೆ ಅಂತ ನಾಲ್ವರೂ ಸೈಕಲ್‌ನಲ್ಲಿ ಹೊರಟರು. ಮೆಕ್ಸಿಕೋ ತಲುಪಿದ ಮೇಲೆ ಡ್ಯಾನ್‌ಗೆ ಹೆಪಟೈಟಿಸ್. ಬರ್ಡನ್ ದಂಪತಿ ವಾಪಸ್ ಹೋಗಬೇಕಾಯಿತು. ಸಿಪಲ್ ದಂಪತಿ ಮುಂದುವರಿದು 1975ರಲ್ಲಿ ಕೊನೆ ಮುಟ್ಟಿದರು. ಆದರೆ ಆ ಪ್ರಯಾಣದಲ್ಲಿ ನಾಲ್ವರಿಗೂ ಇನ್ನೊಂದು ಯೋಚನೆ ಹತ್ತಿಕೊಂಡಿತ್ತು. ಅಮೆರಿಕಕ್ಕೆ 200 ವರ್ಷ ತುಂಬುವ 1976ರಲ್ಲಿ ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಜನ ಸೈಕಲ್‌ನಲ್ಲಿ ಹೋಗಬೇಕು, ಅದಕ್ಕೊಂದು ದಾರಿ ಗುರುತು ಮಾಡಬೇಕು ಅಂತ. ಮಾಡಿದರು. ಆರೆಗನ್‌ನಿಂದ ವರ್ಜೀನಿಯಾಕ್ಕೆ ಸುಮಾರು 6,800 ಕಿಲೋಮೀಟರ್. ಆ ಬೇಸಿಗೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಅದರ ಮೇಲೆ ಸೈಕಲ್ ಹೊಡೆದರು. ಕಾಯಿಲೆ ಬಿದ್ದು ಮನೆಗೆ ಮರಳಿದ ಬರ್ಡನ್ ದಂಪತಿ ಆ ಕೆಲಸದಲ್ಲಿ ಮುಂದಾಳುಗಳು.

ಇವರು ಪೂರ್ತಿ ಕೇಳಿ, "ಹಾಗಾದ್ರೆ ನಿಲ್ಲಿಸಿದ್ರೂ ಪರವಾಗಿಲ್ಲ ಅಂತೀಯಾ?" ಅಂದರು.

"ನಿಲ್ಲಿಸಿದ್ರೂ ಪರವಾಗಿಲ್ಲ ರೀ. ಆದರೆ ಮೊದಲು ಸೀಟು ಮೇಲೆ ಮಾಡಿ ನೋಡೋಣ" ಅಂದೆ.

ಆ ಮೂರನೇ ದಿನ ಇಬ್ಬರೂ ಸೇರಿ ಎರಡೂ ಸೈಕಲ್‌ಗಳ ಚೈನ್ ಅಳೆದೆವು. ಚೈನ್ ಹಳತಾದರೆ ಎಳೆದು ಉದ್ದವಾಗುತ್ತದೆ ಅನ್ನುತ್ತಾರೆ. ನಿಜಕ್ಕೂ ಆಗುವುದು ಕೊಂಡಿಯೊಳಗಿನ ಪಿನ್ ಸವೆಯುವುದು. ಹೊಸ ಚೈನ್‌ನ 24 ಕೊಂಡಿ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರನೇ ಒಂದು ಭಾಗ ಜಾಸ್ತಿಯಾದರೆ ಬದಲಿಸುವ ಕಾಲ ಬಂತು ಅಂತ. ಬಿಟ್ಟರೆ ಗೇರಿನ ಹಲ್ಲನ್ನೂ ತಿನ್ನುತ್ತದೆ. ಸ್ಕೇಲ್ ಹಿಡಿದವರು ಇವರು, ಕನ್ನಡಕ ಹಾಕಿಕೊಂಡು ಗೆರೆ ಓದಿದವಳು ನಾನು.

ಹೊರಡುವ ಬೆಳಗ್ಗೆ ಚೀಲಗಳನ್ನು ಮತ್ತೆ ಹಂಚಿದೆವು. ಟೆಂಟು, ಒಲೆ, ಟೂಲ್ ಚೀಲ ನನ್ನ ಸೈಕಲ್‌ಗೆ ಬಂದವು. ನನ್ನದು 18 ಕಿಲೋ, ಇವರದು 12. ತಿಂಗಳ ಹಿಂದೆ 14 ಹೊತ್ತು ಏದುಸಿರು ಬಿಟ್ಟವಳು ನಾನು. ಆದರೆ ಕಾಲಿಗೆ ತಿಂಗಳು ಅಂದರೆ ಸಣ್ಣ ಕಾಲವಲ್ಲ. ಇವರು ಅತಿ ಸಣ್ಣ ಗೇರ್‌ನಲ್ಲಿ, ಮಂಡಿಗೆ ನೋವಾಗದ ಹಾಗೆ, ಹಗುರಾಗಿ ತುಳಿಯುತ್ತಾ ಹಿಂದೆ ಬಂದರು.

ಎರಡು ದಿನ ಕಳೆದು ದೊಡ್ಡ ಏರು ಸಿಕ್ಕಿತು. ನಾನು ಮೊದಲು ತುದಿ ತಲುಪಿದೆ. ಇಳಿದು, ಹೆಲ್ಮೆಟ್ ತೆಗೆದು, ನೀರು ಕುಡಿದು ಕೂತೆ. ಐದು ನಿಮಿಷ ಹಾಯಾಗಿತ್ತು. ಆಮೇಲೆ ಗಾಳಿ ಶುರುವಾಯಿತು. ಬೆವರಿನಿಂದ ಒದ್ದೆಯಾದ ಅಂಗಿ ಬೆನ್ನಿಗೆ ತಣ್ಣಗೆ ಅಂಟಿಕೊಂಡಿತು. ಹತ್ತು ನಿಮಿಷಕ್ಕೆ ನಡುಕ. ಕಾಲಿನ ಮಾಂಸಖಂಡ ಬಿಗಿದುಕೊಂಡಿತು. ಹದಿನೈದನೇ ನಿಮಿಷಕ್ಕೆ ನನಗೆ ಬೇಕಾಗಿದ್ದಿದ್ದು ಒಂದೇ, ಎದ್ದು ಸೈಕಲ್ ಹತ್ತಿ ತುಳಿದು ಮೈ ಬಿಸಿ ಮಾಡಿಕೊಳ್ಳುವುದು. ಅಷ್ಟರಲ್ಲಿ ಇವರು ತಿರುವಿನಲ್ಲಿ ಕಾಣಿಸಿದರು. ನಾನು ಎದ್ದು ನಿಂತುಬಿಟ್ಟಿದ್ದೆ. "ಬಂದ್ರಾ, ಸರಿ" ಅನ್ನುವ ಮಾತು ಬಾಯಿಗೇ ಬಂದಿತ್ತು.

ನಾಲ್ಕನೇ ದಿನ ಆ ಕಲ್ಲಿನ ಮೇಲೆ ಇವರು ಇಪ್ಪತ್ತು ನಿಮಿಷ ಕೂತಿದ್ದರು. ಬೆವರು ಆರಿತ್ತು ಅಂತ ನಾನೇ ಮೇಲೆ ಬರೆದಿದ್ದೇನೆ.

ನಾನು ಚೀಲದಿಂದ ಸ್ವೆಟರ್ ತೆಗೆದು ಹಾಕಿಕೊಂಡು ಮತ್ತೆ ಕೂತೆ. ಇವರು ಬಂದು ಪಕ್ಕದಲ್ಲಿ ಕೂತರು. "ಚಳಿ ಆಗ್ತಿದ್ಯಾ?" ಅಂದರು. "ಹೂಂ. ಆವತ್ತು ನಿಮಗೂ ಆಗ್ತಿತ್ತು ಅಲ್ವಾ?" ಅಂದೆ. ಯಾವತ್ತು ಅಂತ ಅವರು ಕೇಳಲಿಲ್ಲ. "ತುಂಬಾ" ಅಂದರು. ಹತ್ತು ನಿಮಿಷ ಕೂತು ಹೊರಟೆವು.

ಕೊನೆಯ ದಿನ 48 ಕಿಲೋಮೀಟರ್, ಸಮತಟ್ಟು ರಸ್ತೆ. ಹಿಂದಿನಿಂದ ಗಾಳಿ. ಮಧ್ಯಾಹ್ನಕ್ಕೇ ರಸ್ತೆ ಮುಗಿದು ನೀರು ಕಾಣಿಸಿತು. ಮಗಳು ಮೊದಲೇ ಬಂದು ಕಾಯುತ್ತಿದ್ದಳು. ಅವಳು ತೆಗೆದ ಫೋಟೋದಲ್ಲಿ ನಾನು ಮುಂದೆ ಇದ್ದೇನೆ, ಇವರು ಎಂಟು ಹತ್ತು ಮೀಟರ್ ಹಿಂದೆ. "ಅಮ್ಮಾ, ಇಬ್ಬರೂ ಅಕ್ಕಪಕ್ಕ ಬನ್ನಿ, ಇನ್ನೊಂದು ಸಲ ತೆಗೀತೀನಿ" ಅಂದಳು. ಬೇಡ ಅಂದೆ.

ಮನೆಗೆ ಬಂದು ಚೀಲಗಳನ್ನೆಲ್ಲ ಬಿಚ್ಚಿ, ಒಗೆದು, ಒಣಗಿಸಿ ಎತ್ತಿಟ್ಟೆವು. ಟೆಂಟು ಅಟ್ಟಕ್ಕೆ ಹೋಯಿತು. ಒಲೆ ಹೋಯಿತು. ಚಿಮಟ ಮತ್ತು ಒಂದು ಉಂಡೆ ಹತ್ತಿಯನ್ನು ನಾನು ಟೂಲ್ ಚೀಲಕ್ಕೆ ಸೇರಿಸಿದೆ. ಆ ಚೀಲ ಇವತ್ತಿಗೂ ನನ್ನ ಸೈಕಲ್‌ನಲ್ಲೇ ಇದೆ.